ಬಿ.ಸಿ.ರೋಡಿನ ಫ್ಲ್ಯಾಟ್ ಕೈತಪ್ಪಿದ ಬಗೆ

ಸ್ನೇಹಿತರೇ, ಬೇಸಿಗೆಯ ಮಟ್ಟಿಗೆಂದು ಬಿ.ಸಿ.ರೋಡಿನಲ್ಲಿ ಸಿಕ್ಕಿದ್ದ ಬಾಡಿಗೆ ಫ್ಲ್ಯಾಟ್ ಇವತ್ತು ಒಂದು ಲೋಟ ಚಹಾ ಕುಡಿಯುವಷ್ಟರಲ್ಲಿ ಕೈತಪ್ಪಿತು.

ಅಮ್ಮನಿಗೆ ಮಂಡಿಯ ಆಪರೇಷನ್ ಆಗಲಿಕ್ಕಿದೆ. ಮಾಣಿಯಲ್ಲಿರುವ ನಮ್ಮ ಮನೆಗೆ ಗುಡ್ಡದ ಮೆಟ್ಟಿಲು ಹತ್ತಬೇಕು. ಹಾಗಾಗಿ ಎರಡು ತಿಂಗಳಿಗೆ ಲಿಫ್ಟ್ ಇರುವ ಮನೆ ಬೇಕಿತ್ತು. ಈ ಫ್ಲ್ಯಾಟಿನ ಮಾಲೀಕರು ಮಸ್ಕತ್‌ನಲ್ಲಿದ್ದಾರೆ, ಕೀ ಅವರ ಅಕ್ಕನ ಹತ್ತಿರ. ಆಕೆ ಎಲ್ಲಕ್ಕೂ ಒಪ್ಪಿ ಕೀಯನ್ನು ಟೀಪಾಯಿಯ ಮೇಲೆ ಇಟ್ಟರು. ನಾನು ಕೈ ಚಾಚುವಷ್ಟರಲ್ಲಿ ಅಮ್ಮ ಸುಮ್ಮನಿರಲಾರದೆ ಕೇಳಿದರು:

"ನಿಮ್ಮ ತಾಯಿಮನೆ ಎಲ್ಲಿ ಆಯ್ತು?"

"ಪೊಳಲಿ ಹತ್ತಿರ."

"ನನ್ನ ದೊಡ್ಡಮ್ಮನ ಮಗಳನ್ನು ಕೊಟ್ಟದ್ದೂ ಅಲ್ಲಿಗೇ ಅಲ್ವಾ!"

ಚಹಾ ಮುಗಿಯುವುದರೊಳಗೆ ಆ ದೊಡ್ಡಮ್ಮನ ಮಗಳು ಆಕೆಯ ಸೋದರಮಾವನ ಹೆಂಡತಿ ಎಂದು ಸಾಬೀತಾಯಿತು. ಇಬ್ಬರೂ ಕೈ ಹಿಡಿದುಕೊಂಡು ನಕ್ಕರು. ಆಮೇಲೆ ಆಕೆ ಕೀಯನ್ನು ಮೆಲ್ಲನೆ ಕಪಾಟಿನೊಳಗೆ ಇಟ್ಟರು.

"ಇನ್ನು ಬಾಡಿಗೆ ತೆಗೊಳ್ಳುವುದು ಹೇಗೆ ಮಾರಾಯ್ರೇ? ನೆಂಟರ ಹತ್ತಿರ ದುಡ್ಡು ತೆಗೊಂಡ್ರೆ ನಾಳೆ ಪೊಳಲಿಯಲ್ಲಿ ಮುಖ ತೋರಿಸ್ಲಿಕ್ಕುಂಟಾ?"

"ನಾವು ಸಂತೋಷದಿಂದಲೇ ಕೊಡ್ತೇವಲ್ಲ," ಎಂದೆ.

"ಛೆ ಛೆ! ಪುಕ್ಕಟೆ ಕೊಡುವ ಅಂದ್ರೆ ತಮ್ಮ ನನ್ನನ್ನು ಬಿಡ್ಲಿಕ್ಕಿಲ್ಲ. ನೀವು ಬೇರೆ ಯಾರಾದ್ರೂ ಆಗಿದ್ರೆ ಈಗಲೇ ಕೊಡ್ತಿದ್ದೆ."

ಅಮ್ಮನಿಗೆ ಇದು ನ್ಯಾಯವೆಂದೇ ತೋರಿತು. ಹೊರಡುವಾಗ ಆಕೆ ಕೀಯ ಬದಲು ಮಗಳ ಮದುವೆಯ ಕಾಗದ ಕೊಟ್ಟರು. ಎಲ್ಲರೂ ಬರಲೇಬೇಕಂತೆ.

ನಾಳೆ ಮೂಡುಬಿದಿರೆಯಲ್ಲಿ ಇನ್ನೊಂದು ಫ್ಲ್ಯಾಟ್ ನೋಡಲಿಕ್ಕಿದೆ. ಅಮ್ಮ ಕಾರಿನಲ್ಲೇ ಕೂತಿರುತ್ತಾರೆ.