ಸಿಹಿ ಪೊಂಗಲ್ ತಿಂದ ಹಸು

ಸಂಕ್ರಾಂತಿ ಕಳೆದ ಶನಿವಾರ, ಬೆಳಿಗ್ಗೆ ಏಳು ಗಂಟೆ, ಮಲಯ್ ನಾಡಿನ ಮೆಲಾಕಾ ಪಟ್ಟಣದ ಹೊರವಲಯದ ಒಂದು ಕೊಟ್ಟಿಗೆ. ಹಾಜರಿದ್ದವರು ನಾನು, ನನ್ನ ತಮ್ಮ, ಹಸುವಿನ ಒಡತಿ ಮತ್ತು ಹಸು. ಹಸು ಮಲಗಿತ್ತು. ಉಳಿದ ಮೂವರಲ್ಲಿ ಸ್ನಾನ ಮಾಡಿ, ಗಂಧ ಹಚ್ಚಿ, ಶಲ್ಯ ಹೊದ್ದು ಬಂದವನು ತಪ್ಪಿತಸ್ಥನೊಬ್ಬನೇ.

ನನ್ನ ತಮ್ಮ ಇಲ್ಲಿಯ ವೈದ್ಯಕೀಯ ಕಾಲೇಜಿನಲ್ಲಿ ಮನುಷ್ಯರ ಹೊಟ್ಟೆಯ ಬಗ್ಗೆ ಪಾಠ ಮಾಡುತ್ತಾನೆ. ರೋಗಿಗಳು ಅರ್ಧ ಬಾಳೆಹಣ್ಣು ಹೆಚ್ಚಿಗೆ ತಿಂದರೂ ಗದರುವವನು. ಅಂಥವನು ಹಬ್ಬದ ದಿನ ದೂರದ ಸುಬಾಂಗ್ ಜಯಾ ಪಟ್ಟಣದ ಗೆಳೆಯರನ್ನೆಲ್ಲ ಕಟ್ಟಿಕೊಂಡು ಬಂದು, ಗೋಪೂಜೆಯೆಂದು ಈ ಹಸುವಿಗೆ ಬಕೆಟ್ಟುಗಟ್ಟಲೆ ಸಿಹಿ ಪೊಂಗಲ್, ಬಾಳೆಹಣ್ಣು, ಲಾಡು ತಿನ್ನಿಸಿದ್ದ. ಪ್ರತಿ ಸಂಸಾರಕ್ಕೂ ಬೇರೆ ಬೇರೆ ಪುಣ್ಯ ಬೇಕಿತ್ತು; ಹಸು ಮಾತ್ರ ಒಂದೇ. ಫೋಟೊಗಳು ಚೆನ್ನಾಗಿ ಬಂದಿವೆಯಂತೆ.

ಮರುದಿನ ಹಸು ನೆಲ ಹಿಡಿಯಿತು. ಪಶುವೈದ್ಯರು ಬಂದು ಹೊಟ್ಟೆಯ ಹುಳಿ ಇಳಿಸಿ ಜೀವ ಉಳಿಸಿದರು. ಆದರೆ ಅದು ಮೇವು ಮುಟ್ಟಲಿಲ್ಲ, ಮೆಲುಕು ಹಾಕಲಿಲ್ಲ. ಒಡತಿಗೆ ಹಾಲು ಕೊಡುವ ಹಸು ಇದೊಂದೇ.

"ಸಂಜೆಯೊಳಗೆ ಹುಲ್ಲು ತಿನ್ನದಿದ್ರೆ ನಾಳೆ ಲಾರಿಯವನಿಗೆ ಕೊಟ್ಬಿಡ್ತೇನೆ, ಟೀಚರಮ್ಮ," ಎಂದಳು ಒಡತಿ, ತನ್ನ ತಮಿಳಿಗೆ ನನಗಾಗಿ ಒಂದಿಷ್ಟು ಕನ್ನಡ ಬೆರೆಸಿ. "ಸಾಯೋದನ್ನ ಕೂತು ನೋಡ್ಲಿಕ್ಕೆ ಆಗಲ್ಲ ಲಾ." ‘ಲಾ’ ಇಲ್ಲಿಯವರ ಮಾತಿನ ಬಾಲ. ಲಾರಿ ಹೋಗುವುದು ಕಸಾಯಿಖಾನೆಗೆ.

ನನ್ನ ತಮ್ಮ ಜೇಬಿನಿಂದ ಮೊಸರಿನ ಬ್ಯಾಕ್ಟೀರಿಯಾ ತುಂಬಿದ ಕ್ಯಾಪ್ಸೂಲುಗಳನ್ನು ತೆಗೆದ. "ಬೆಸ್ಟ್ ಬ್ರ್ಯಾಂಡ್ ಅಕ್ಕ. ನನ್ನ ಪೇಶೆಂಟ್ಸಿಗೆಲ್ಲ ಇದೇ ಕೊಡೋದು."

"ನಿನ್ನ ಪೇಶೆಂಟುಗಳು ಒಣಹುಲ್ಲು ತಿಂತಾರಾ?"

"ನಾನು ಹೇಳುವ ಡಯೆಟ್ ಹೆಚ್ಚುಕಮ್ಮಿ ಹಾಗೇ ಉಂಟು," ಎಂದ.

ನಾನು ಪಶುವೈದ್ಯ ಕಾಲೇಜಿನಲ್ಲಿ ಸೂಕ್ಷ್ಮಜೀವಿಗಳ ಪಾಠ ಹೇಳಿದವಳು. ಹಸು ಹುಲ್ಲು ಜೀರ್ಣಿಸುತ್ತದೆ ಎಂಬುದು ಅರ್ಧ ಸತ್ಯ. ಅದು ಅಗಿದು ನುಂಗುತ್ತದೆ, ಅಷ್ಟೆ. ಗಟ್ಟಿ ನಾರನ್ನು ಕರಗಿಸುವವರು ಅದರ ಹೊಟ್ಟೆಯ ಬಾಡಿಗೆದಾರರು. ಅವರಲ್ಲಿ ಒರಟು ಕೆಲಸ ಕೆಲವು ಶಿಲೀಂಧ್ರಗಳದು. ಬೂಷ್ಟಿಗೂ ಅಣಬೆಗೂ ದೂರದ ನೆಂಟರು. ಇವುಗಳ ಬೀಜಕಣಗಳು ಈಜಿ ಬಂದು ಹುಲ್ಲಿನ ಚೂರಿನ ಮೇಲೆ ಕೂರುತ್ತವೆ, ಬೇರಿನಂಥ ಎಳೆಗಳನ್ನು ಒಳಗಿಳಿಸುತ್ತವೆ, ಗೋಡೆಯಲ್ಲಿ ಹುಟ್ಟಿದ ಅಶ್ವತ್ಥದ ಹಾಗೆ ನಾರನ್ನು ಸೀಳುತ್ತವೆ. ಆ ಬಿರುಕಿನಲ್ಲಿ ಬ್ಯಾಕ್ಟೀರಿಯಾಗಳು ನುಗ್ಗಿ ಊಟಕ್ಕೆ ಕೂರುತ್ತವೆ. ಸಿಹಿಯೆಲ್ಲ ಹುದುಗಿ ಹೊಟ್ಟೆ ವಿಪರೀತ ಹುಳಿಯಾದರೆ ಶಿಲೀಂಧ್ರಗಳು ಸಾಯುತ್ತವೆ. ಗಾಳಿ ತಾಗಿದರೂ ಉಳಿಯುವುದಿಲ್ಲ. ಭಕ್ತರು ಬೆಲ್ಲದಲ್ಲಿ ಕೊಂದದ್ದು ಇವನ್ನು.

ಬೇರೊಂದು ಆರೋಗ್ಯವಂತ ಹಸುವಿನ ಹೊಟ್ಟೆಯ ರಸ ತಂದು ಹಾಕುವುದೇ ದಾರಿ. ಪಶುವೈದ್ಯರು ಪರವೂರಿನಲ್ಲಿದ್ದರು, ಫೋನಿನಲ್ಲಿ ಒಪ್ಪಿ, ತಮ್ಮ ಕೊಳವೆ ಕೊಟ್ಟಿಗೆಯಲ್ಲೇ ಇದೆ, ಹೊಟ್ಟೆಗಿಳಿಸಲು ಬಳಸಿ ಎಂದರು. ಅಷ್ಟು ರಸ ಒಂದೇ ಬೆಳಿಗ್ಗೆ ಸಿಗುವ ಜಾಗವೂ ಒಂದೇ.

"ಕಸಾಯಿಖಾನೆಯಿಂದಲಾ?" ತಮ್ಮನ ಮುಖ ಬಿಳಿಚಿತು. "ಅಕ್ಕ, ಗೋಮಾತೆಯ ಹೊಟ್ಟೆಗೆ ಅಂಥದ್ದು ಹಾಕುವುದಾ?"

"ಅದೂ ಗೋಮಾತೆಯ ಹೊಟ್ಟೆಯಿಂದಲೇ ಬರುವುದು ಮಾರಾಯ. ಕಾರು ತೆಗಿ."

ಕನ್ನಡ ಸಂಘದ ಕಾರ್ಯಕ್ರಮಗಳಲ್ಲಿ ಕಾಫಿ ಹಂಚುವ ದೊಡ್ಡ ಫ್ಲಾಸ್ಕ್ ಅವನ ಕಾರಿನಲ್ಲಿತ್ತು. ಬಿಸಿನೀರು ತುಂಬಿಸಿ ಬೆಚ್ಚಗಿಟ್ಟುಕೊಂಡು ಹೋದೆವು. ತಮ್ಮ ಮಾತ್ರ ಕಾರಿನಿಂದ ಇಳಿಯಲಿಲ್ಲ. ಕಿಟಕಿಯ ಗಾಜನ್ನೂ ಇಳಿಸಲಿಲ್ಲ. ಕಸಾಯಿಖಾನೆಯ ಒಳಗಿದ್ದ ಮಲಯ್ ಯುವಕ ನನ್ನ ಮಾತು ಕೇಳಿ, ನಕ್ಕು, ಹುಲ್ಲು ಮೇದ ಎತ್ತೊಂದರ ಹೊಟ್ಟೆಯಿಂದ ಹಸಿರು ರಸವನ್ನು ನಾರಿನ ಸಮೇತ ಕಂಠಮಟ್ಟ ತುಂಬಿಸಿಕೊಟ್ಟ. ಗಾಳಿಗೆ ಜಾಗ ಬಿಡದೆ ಮುಚ್ಚಳ ಬಿಗಿದೆ.

ಕೊಟ್ಟಿಗೆಗೆ ಬಂದ ಮೇಲೆ ತಮ್ಮನಿಗೆ ಶುಚಿತ್ವ ನೆನಪಾಯಿತು. ಶಲ್ಯ ತೆಗೆದು, "ಸೋಸಿ ಹಾಕುವ ಅಕ್ಕ. ತಿಳಿ ಮಾತ್ರ ಸಾಕು," ಎಂದ.

"ಬೇಕಾದ್ದು ಅಂಟಿಕೊಂಡಿರುವುದೇ ಆ ನಾರಿಗೆ. ಸೋಸಿದರೆ ನಿನ್ನ ಶಲ್ಯಕ್ಕೆ ಜೀರ್ಣಶಕ್ತಿ ಬಂದೀತು."

ಒಡತಿ ಹಸುವಿನ ತಲೆ ಹಿಡಿದಳು. ಕೊಳವೆ ಗಂಟಲಿನಿಂದ ಹೊಟ್ಟೆಗೇ ಇಳಿದಿದೆಯೆಂದು ಖಚಿತಪಡಿಸಿಕೊಂಡೆ. ಗೋಭಕ್ತ ಮೂಗು ಮುಚ್ಚಿಕೊಂಡು ಲಾಳಿಕೆಗೆ ಸುರಿದ. ಆಮೇಲೆ ಮಾಡಲು ಏನೂ ಇರಲಿಲ್ಲ. ಅವನು ಸ್ತೋತ್ರ ಹೇಳಿದ. ನಾನು ಕೊಟ್ಟಿಗೆ ಗುಡಿಸಿದೆ.

ಮಧ್ಯಾಹ್ನ ಕಳೆಯಿತು. ಹಸು ಹುಲ್ಲನ್ನು ಮೂಸಿ ಮುಖ ತಿರುಗಿಸಿತು. ಒಡತಿ ಫೋನು ಕೈಯಲ್ಲಿ ಹಿಡಿದೇ ಕೂತಿದ್ದಳು. ಬಿಸಿಲು ಇಳಿಯುವ ಹೊತ್ತಿಗೆ ಹಸುವಿನ ಮೇವಿನ ಚೀಲವಿರುವ ಎಡಪಕ್ಕೆಗೆ ಮುಷ್ಟಿ ಒತ್ತಿ ಕೂತೆ. ಬಹಳ ಹೊತ್ತಿನ ಮೇಲೆ ಒಳಗೆ ಏನೋ ನಿಧಾನವಾಗಿ ಹೊರಳಿ ನನ್ನ ಕೈಯನ್ನು ಹೊರಕ್ಕೆ ತಳ್ಳಿತು. ಹಸು ಎದ್ದಿತು. ಒಂದು ಎಳೆ ಹುಲ್ಲು ಎಳೆಯಿತು, ಇನ್ನೊಂದು ಎಳೆಯಿತು.

ಒಡತಿ ಲಾರಿಯವನಿಗೆ ಫೋನು ಮಾಡಿ, "ನಾಳೆ ಬರಬೇಡ," ಎಂದಳು. ಅವನು ಏನೋ ಕೇಳಿದ. "ನಾಡಿದ್ದೂ ಬೇಡ," ಎಂದು ಇಟ್ಟಳು.

ತಮ್ಮ ಕಣ್ಣೊರೆಸಿಕೊಂಡು ಕೈಮುಗಿದ. "ಅಕ್ಕ, ಖುಷಿಗೆ ಒಂದೇ ಒಂದು ಬಾಳೆಹಣ್ಣು?"

ಕೊಳವೆಯನ್ನು ಅವನ ಕೈಗೆ ಕೊಟ್ಟು ನಲ್ಲಿಯ ಕಡೆ ಕಳಿಸಿದೆ. ತೊಳೆದು ತಂದ. ನೋಡಿದೆ, ವಾಪಸು ಕಳಿಸಿದೆ. ಎರಡನೆಯ ಸಲ ಸರಿಯಾಗಿತ್ತು. ನೀರು ಬಸಿಯುವಂತೆ ಮೊಳೆಗೆ ನೇತುಹಾಕಿದೆ.