ಪಡಸಾಲೆಯ ಕಷಾಯ

ಹವೀಜ ಹುರಿಯುವ ವಾಸನೆ ಎಲ್ಲಿಂದಲಾದರೂ ತೇಲಿ ಬಂತೆಂದರೆ, ಹೊರಗೆ ರಣಬಿಸಿಲಿದ್ದರೂ ನನಗೆ ಸಂಜೆಯಾಯಿತು ಅನ್ನಿಸುತ್ತದೆ. ಕೊತ್ತಂಬರಿ ಬೀಜಕ್ಕೆ ನಮ್ಮ ಧಾರವಾಡದ ಕಡೆ ಹವೀಜ ಅನ್ನುವುದು ರೂಢಿ. ಬಿಸಿ ತಗಲಿದ ಕೂಡಲೇ ಅದು ಬಿಡುವ ಕಂಪು, ಅದರ ಬೆನ್ನಿಗೇ ಬರುವ ಜೀರಿಗೆಯದು, ಆಮೇಲೆ ಮೂಗಿನೊಳಗೆ ಚುರುಗುಟ್ಟುವ ಒಣಶುಂಠಿ. ಇಷ್ಟಾದರೆ ಸಾಕು, ನಾನು ಪರಕಾರ ತೊಟ್ಟ ಹುಡುಗಿಯಾಗಿ ನಮ್ಮ ಮನೆಯ ಪಡಸಾಲೆಯಲ್ಲಿ ಅಜ್ಜಿಯ ತೊಡೆಗೆ ಒತ್ತಿಕೊಂಡು ಕೂತಿರುತ್ತೇನೆ. ನಿಮ್ಮಲ್ಲಿಯೂ ಇಂಥದೊಂದು ವಾಸನೆ ಉಳಿದುಕೊಂಡಿರಬೇಕು. ಮನೆ ಹೋಗಿರುತ್ತದೆ, ಮನೆಯವರು ಹೋಗಿರುತ್ತಾರೆ, ವಾಸನೆ ಮಾತ್ರ ಹೇಳದೆ ಕೇಳದೆ ಬಂದು ಪಕ್ಕದಲ್ಲಿ ಕೂಡುತ್ತದೆ. ಬೇಡವೆಂದರೆ ಎದ್ದು ಹೋಗುವುದೂ ಇಲ್ಲ.

ದೀಪ ಹಚ್ಚುವ ಹೊತ್ತಿಗೆ ಅಜ್ಜಿ ಪಡಸಾಲೆಯ ನಡುವೆ ಶೆಗಡಿ ಇಟ್ಟುಕೊಂಡು, ಇದ್ದಲಿಗೆ ಕೆಂಡ ಕೂಡಿಸಿ, ಸೆರಗಿನಿಂದ ಗಾಳಿ ಹಾಕುತ್ತಿದ್ದಳು. ಹವೀಜ, ಜೀರಿಗೆ, ಒಂದು ತುಂಡು ಶುಂಠಿ, ಒಂದಿಷ್ಟು ಮೆಣಸಿನ ಕಾಳು, ಚೂರು ಜ್ಯೇಷ್ಠಮಧು. ಅಳತೆ ಅವಳ ಬೆರಳಿಗೆ ಗೊತ್ತಿತ್ತು, ಬಾಯಿಂದ ಹೇಳು ಅಂದರೆ ಅವಳಿಗೆ ಬರುತ್ತಿರಲಿಲ್ಲ. ಹುರಿದದ್ದನ್ನು ಹಿತ್ತಾಳೆಯ ಕುಟ್ಟಾಣಿಯಲ್ಲಿ ತರಿತರಿಯಾಗಿ ಕುಟ್ಟಿ, ನೀರಿಗೆ ಹಾಕಿ, ನೀರು ಅರ್ಧಕ್ಕೆ ಇಳಿಯುವ ತನಕ ಕುದಿಸಿ, ಬೆಲ್ಲ ಕರಗಿಸಿ, ಕೆಳಗಿಳಿಸಿ, ಕಾವು ಕೊಂಚ ಇಳಿದ ಮೇಲೆ ಹಾಲು. ಮನೆಯಲ್ಲಿ ಯಾರಿಗೂ ಜಡ್ಡಿರಲಿಲ್ಲ. ಜಡ್ಡು ಬಂದಾಗ ಕುಡಿಯುವುದು ಔಷಧ, ಬಾರದಿದ್ದಾಗ ಕುಡಿಯುವುದು ಕಷಾಯ ಎನ್ನುವುದು ಅವಳ ಲೆಕ್ಕ. ಅಪ್ಪ ಸಾಲಿಮಾಸ್ತರರು, ದಿನವೆಲ್ಲ ಹುಡುಗರ ಮೇಲೆ ಒದರಿ ಒದರಿ ಗಂಟಲು ಒಣಗಿಸಿಕೊಂಡು ಬರುತ್ತಿದ್ದರು. ಅವರ ತಮ್ಮ, ನಮ್ಮ ಕಾಕಾ, ಹುಬ್ಬಳ್ಳಿಯ ರೈಲ್ವೆ ಕಚೇರಿಯಲ್ಲಿ ಕಾರಕೂನರು. ಸಂಜೆಯ ಗಾಡಿಯಿಂದ ಇಳಿದು ಬಂದಾಗ ಅವರ ಕೋಟಿನ ಕಾಲರಿನ ಮೇಲೆ ಕಲ್ಲಿದ್ದಲಿನ ಪುಡಿ ಇರುತ್ತಿತ್ತು. ಇಬ್ಬರೂ ಕೈಕಾಲು ತೊಳೆದು ಕೂತು ಒಂದೊಂದು ವಾಟಗ ಕಷಾಯ ಹಿಡಿದರೆಂದರೆ, ಎತ್ತಿದ ಹೆಗಲು ಮೆಲ್ಲಗೆ ಇಳಿಯುವುದನ್ನು ನಾನು ಕಣ್ಣಾರೆ ನೋಡುತ್ತಿದ್ದೆ. ಅಜ್ಜಿಯ ವಾಟಗದಲ್ಲಿ ಉಳಿದ ಕೊನೆಯ ಗುಟುಕು ನನ್ನದು. ಅದರ ಮೇಲೆ ಬೇರೆ ಯಾರ ಹಕ್ಕೂ ನಡೆಯುತ್ತಿರಲಿಲ್ಲ.

ಆ ಮನೆಗೆ ಕಾಕು, ಅಂದರೆ ಕಾಕಾನ ಹೆಂಡತಿ, ಚಹಾ ತಂದಳು. ಅವಳು ಹುಬ್ಬಳ್ಳಿಯ ರೈಲ್ವೆ ನೌಕರರೊಬ್ಬರ ಮಗಳು. ಮುಂಜಾನೆ ಚಹಾ ಇಲ್ಲದಿದ್ದರೆ ಅವಳ ತಲೆ ಸಿಡಿಯುತ್ತಿತ್ತು. ನೈವೇದ್ಯದ ಅಡಿಗೆ ಬೇಯುವ ಒಲೆಯ ಮೇಲೆ ಚಹಾದ ಪಾತ್ರೆ ಏರಕೂಡದೆಂದು ನನ್ನ ತಾಯಿ ಪಟ್ಟು ಹಿಡಿದಳು. ತಾಯಿಯ ಪರವಾಗಿ ಅಪ್ಪ ಒಂದು ಮಾತಾಡಿದರು, ಕಾಕುವಿನ ಪರವಾಗಿ ಕಾಕಾ ಎರಡು ಮಾತಾಡಿದರು, ಹಿತ್ತಲ ಕಡೆಯ ಕೋಣೆಯಲ್ಲಿ ಇನ್ನೊಂದು ಒಲೆ ಹೂಡಿದ್ದಾಯಿತು. ಮೊದಮೊದಲು ಅದರ ಮೇಲೆ ಚಹಾ ಒಂದೇ ಕುದಿಯಿತು. ತಿಂಗಳು ತುಂಬುವುದರೊಳಗೆ ಅನ್ನವೂ ಕುದಿಯಿತು. ಅಣ್ಣತಮ್ಮಂದಿರು ಮಾತು ಬಿಟ್ಟರು. ಓದಿದವರ ಹಟ ದೊಡ್ಡದು, ಒದರಾಡಿ ಮುಗಿಸುವುದಿಲ್ಲ. ಕಷಾಯದ ಹೊತ್ತಿಗೆ ಮಾತ್ರ ಇಬ್ಬರೂ ತಪ್ಪದೆ ಬಂದು ಕೂಡುತ್ತಿದ್ದರು, ಒಬ್ಬರು ಬಾಗಿಲ ಕಡೆ ಮುಖ ಮಾಡಿ, ಒಬ್ಬರು ಗೋಡೆಯ ಕಡೆ. ಬರುವ ಸಂಕ್ರಾಂತಿ ಕಳೆದ ಮೇಲೆ ಕಾಕಾ ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ಬೇರೆ ಮನೆ ಮಾಡುತ್ತಾರೆಂದು ಗೊತ್ತಾಯಿತು. ಅವತ್ತು ನನ್ನ ಹೆರಳು ಹಾಕುತ್ತಿದ್ದ ಅಜ್ಜಿಯ ಕೈ ನಡುವೆಯೇ ನಿಂತಿತು.

"ಮನಿ ಎರಡ ಆಗ್ಲಿ, ನಾ ಅಳೂದಿಲ್ಲ. ಇಬ್ಬರೂ ಮಾತ ಬಿಟ್ಟು ಅಗಲಿದ್ರಂದ್ರ ಮಾತ್ರ ನನ್ನ ಜೀವ ಸಮಾಧಾನದಿಂದ ಹೋಗೂದಿಲ್ಲ ನೋಡ ಸುಶೀ," ಅಂದಳು.

ಮುಂದೆ ಕೆಲವೇ ದಿನಕ್ಕೆ ಅವಳು ಬಾವಿಕಟ್ಟೆಯ ಹತ್ತಿರ ಕಾಲು ಜಾರಿ ಬಿದ್ದಳು. ಸೊಂಟದ ಎಲುಬು ಮುರಿದಿತ್ತು. ಡಾಕ್ಟರರು ಬಂದು ನೋಡಿ, ಇನ್ನು ಎದ್ದು ಓಡಾಡುವುದು ಕಷ್ಟ ಎಂದು ಅಪ್ಪನನ್ನು ಹೊರಗೆ ಕರೆದು ಹೇಳಿದರು. ಪಡಸಾಲೆಯಲ್ಲೇ ಅವಳಿಗೆ ಹಾಸಿಗೆ ಹಾಸಿದ್ದಾಯಿತು. ಆ ಸಂಜೆ ದೀಪ ಹಚ್ಚುತ್ತಲೇ ಒಂದು ಬಾಗಿಲಿನಿಂದ ನನ್ನ ತಾಯಿ, ಇನ್ನೊಂದು ಬಾಗಿಲಿನಿಂದ ಕಾಕು, ಇಬ್ಬರೂ ಕಷಾಯದ ಪಾತ್ರೆ ಹಿಡಿದುಕೊಂಡು ಬಂದು ನಿಂತರು. ಇಬ್ಬರಿಗೂ ಅಜ್ಜಿಯ ಮೇಲೆ ಜೀವ, ಅದರಲ್ಲಿ ಸುಳ್ಳಿಲ್ಲ. ಒಬ್ಬಳದ್ದನ್ನು ಕುಡಿದರೆ ಇನ್ನೊಬ್ಬಳ ಮುಖ ಸಣ್ಣದಾಗುತ್ತದೆ, ಅಲ್ಲಿಗೆ ಉಳಿದಿದ್ದ ಒಂದು ಕಷಾಯವೂ ಎರಡಾಗುತ್ತದೆ. ಅಜ್ಜಿ ಇಬ್ಬರನ್ನೂ ನೋಡಿದಳು. ಆಮೇಲೆ, ನೀವಿಬ್ಬರೂ ಮಾಡುವುದು ಬೇಡ, ನಾನು ಹಡೆದವರ ಕೈಯಿಂದ ಕುಡಿಯಬೇಕೆಂದು ಆಸೆಯಾಗಿದೆ, ಅವರಿಬ್ಬರೂ ಕೂಡಿ ಮಾಡಲಿ ಅಂದುಬಿಟ್ಟಳು. ಒಬ್ಬ ಕುಟ್ಟಬೇಕು, ಒಬ್ಬ ಕುದಿಸಬೇಕು ಎಂದು ಹಂಚಿಕೆಯನ್ನೂ ಮಾಡಿಕೊಟ್ಟಳು.

ಅಪ್ಪ ಜನ್ಮದಲ್ಲಿ ಒಲೆ ಊದಿದವರಲ್ಲ. ಕಾಕಾ ಕುಟ್ಟಾಣಿ ಹಿಡಿದದ್ದು ಲೇಖನಿ ಹಿಡಿದ ಹಾಗಿತ್ತು. ಮೊಳದ ಅಂತರದಲ್ಲಿ ಕೂತ ಇಬ್ಬರ ನಡುವೆ ನಾನು ಟಪಾಲಿನವಳು: ಬೆಲ್ಲ ಜಜ್ಜಬೇಕಂತೆ ಎಂದು ನಿನ್ನ ಕಾಕಾಗೆ ಹೇಳು, ಜಜ್ಜಿ ಆಗಲೇ ಹೊತ್ತಾಯಿತು ಎಂದು ನಿನ್ನ ಅಪ್ಪನಿಗೆ ಹೇಳು. ಬೆಲ್ಲ ಬಿದ್ದು ಕಷಾಯ ಕೊತಕೊತ ಕುದಿಯುತ್ತಿರುವಾಗಲೇ ಅಪ್ಪ ಹಾಲಿನ ತಂಬಿಗೆ ಬಗ್ಗಿಸಿದರು. "ಅಣ್ಣಾ, ಹಾಲ ಈಗ ಹಾಕಬ್ಯಾಡ," ಅನ್ನುವಷ್ಟರಲ್ಲಿ ಹಾಲು ಒಡೆದು ಚೂರುಚೂರಾಗಿ ಮೇಲೆ ತೇಲಿತು.

"ಮೊದಲ ಹೇಳಬಾರದೇನೋ ರಾಘೂ?"

"ಮಾತ ಬಿಟ್ಟಿದ್ದೆವಲ್ಲ," ಅಂದರು ಕಾಕಾ.

ಎರಡೂ ಬಾಗಿಲುಗಳಲ್ಲಿ ನಿಂತಿದ್ದ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಅಜ್ಜಿ ನಗಲಿಲ್ಲ. ಅವಳ ತಲೆಯನ್ನು ಅಪ್ಪ ಎತ್ತಿ ಹಿಡಿದರು, ಕಾಕಾ ವಾಟಗವನ್ನು ತುಟಿಗೆ ಹಿಡಿದರು. ಒಡೆದ ಕಷಾಯವನ್ನು ನನ್ನ ಪಾಲಿನದೊಂದು ಗುಟುಕು ಉಳಿಯುವ ತನಕ ಕುಡಿದು, "ಹದ ಬಂದಿಲ್ಲ. ನಾಳೆ ಇಬ್ಬರೂ ಕೂಡಿ ಮತ್ತ ನೋಡ್ರಿ," ಅಂದಳು.

ಮರುದಿನ ಶುಂಠಿ ಹೆಚ್ಚಾಗಿತ್ತು. ಅದರ ಮರುದಿನ ಹವೀಜ ಸೀದಿತ್ತು. ಆಮೇಲೊಮ್ಮೆ ಜ್ಯೇಷ್ಠಮಧು ಹಳೆಯದು ಅಂದಳು. ಕಾಕಾ ಕಚೇರಿ ಬಿಟ್ಟ ಮೇಲೆ ಹುಬ್ಬಳ್ಳಿಯ ದುರ್ಗದಬೈಲಿನ ಪೇಟೆಗೆ ಹೋಗಿ ಹೊಸದನ್ನು ಕಟ್ಟಿಸಿಕೊಂಡು ಬಂದರು. ತಪ್ಪು ಯಾರದೆಂದು ದಿನಾಲೂ ಜಗಳ. ಜಗಳವಾಡಲಿಕ್ಕೆ ಮಾತು ಬೇಕಷ್ಟೇ, ನನ್ನ ಟಪಾಲಿನ ಕೆಲಸ ತಪ್ಪಿತು. ಕುದಿಯುವ ತನಕ ಕಾಯಬೇಕಲ್ಲ, ಆ ಹೊತ್ತಿನಲ್ಲಿ ತಾವು ಸಣ್ಣವರಿದ್ದಾಗ ಕೆರೆಗೆ ಬಿದ್ದದ್ದು, ಅವ್ವನ ಕೈಯಲ್ಲಿ ಹೊಡೆತ ತಿಂದದ್ದು ಎಲ್ಲ ಹೊರಗೆ ಬಂತು. ಅಜ್ಜಿ ಕಣ್ಣು ಮುಚ್ಚಿ ಕೇಳುತ್ತಿದ್ದಳು. ಸಂಕ್ರಾಂತಿ ಬಂದು ಹೋಯಿತು. ಕೇಶ್ವಾಪುರದ ಮನೆಗೆ ಇನ್ನೂ ಸುಣ್ಣ ಆಗಿಲ್ಲವೆಂದು ಕಾಕಾ ಯಾರೂ ಕೇಳದಿದ್ದರೂ ಹೇಳಿದರು.

ಒಂದು ಸಂಜೆ ನನ್ನ ಪಾಲಿನ ಗುಟುಕು ನಾಲಿಗೆಗೆ ತಗಲಿದಾಗ ನಾನು ಬೆರಗಾದೆ. ಅದು ಅಜ್ಜಿಯದೇ ಕಷಾಯ. ಮೊದಲು ಬೆಲ್ಲ, ಆಮೇಲೆ ಹವೀಜ, ಗಂಟಲು ದಾಟುವಾಗ ಮೆಣಸು, ಎಲ್ಲ ಇಳಿದ ಮೇಲೆ ಜ್ಯೇಷ್ಠಮಧುವಿನ ತಣ್ಣನೆಯ ಸಿಹಿ. ಹೇಳಿಬಿಡಬೇಕೆಂದು ಬಾಯಿ ತೆರೆದೆ. ಹೊದಿಕೆಯ ಕೆಳಗಿನಿಂದ ಅಜ್ಜಿಯ ಕೈ ಬಂದು ನನ್ನ ತೊಡೆ ಚಿವುಟಿತು, ಮುಲಾಜಿಲ್ಲದೆ. "ಇನ್ನೂ ಹದ ಬಂದಿಲ್ಲಪಾ. ನಾಳೆ ಮತ್ತ ಮಾಡ್ರಿ," ಅಂದಳು. ಆ ಚಿವುಟು ನನಗೆ ಎಲ್ಲವನ್ನೂ ತಿಳಿಸಿಕೊಟ್ಟಿತು. ಅಂದಿನಿಂದ ನನ್ನ ಪಾಲನ್ನು ಕುಡಿದು ನಾನೂ ಮೂಗು ಮುರಿಯತೊಡಗಿದೆ.

ಯುಗಾದಿಗೆ ಮೊದಲೇ ಅವಳು ಹೋದಳು. ಒಂದು ದಿನವೂ ಛಲೋ ಆಗಿದೆ ಅನ್ನಲಿಲ್ಲ. ಕಾಕಾ ಕೇಶ್ವಾಪುರಕ್ಕೆ ಹೋದರು, ಸಾಮಾನು ಹೇರುವಾಗ ಅಪ್ಪ ಧೋತರ ಮೇಲೆ ಕಟ್ಟಿ ತಾವೇ ಕೈಹಚ್ಚಿದರು. ಅದಾದ ಮೇಲೆ ರವಿವಾರವೆಂದರೆ ಕಾಕಾ ಮಧ್ಯಾಹ್ನದ ಗಾಡಿಗೆ ಬರುವುದು, ಅಣ್ಣತಮ್ಮಂದಿರು ಕೂತು ಕಷಾಯ ಮಾಡುವುದು, ಕುಡಿದು ತಲೆಯಲ್ಲಾಡಿಸುವುದು, ಅವ್ವ ಮಾಡಿದ್ದಕ್ಕೆ ಇದು ಬರಲಿಲ್ಲ ಅನ್ನುವುದು, ಬರುವ ರವಿವಾರ ಜೀರಿಗೆ ಕಡಿಮೆ ಮಾಡಿ ನೋಡೋಣ ಎಂದು ಗೊತ್ತುಮಾಡಿಕೊಂಡು ಏಳುವುದು. ವರ್ಷಗಳು ಹೀಗೆ ಹೋದವು. ನನಗೆ ಆ ಇಬ್ಬರನ್ನು ನೆನೆದರೆ ಈಗಲೂ ಹೆಮ್ಮೆ. ಮನೆ ಒಡೆದವರು ಬಹಳ ಜನ ಇದ್ದಾರೆ, ಒಡೆದ ಮೇಲೆ ಇಷ್ಟು ಚೆನ್ನಾಗಿ ಕೂಡಿದವರನ್ನು ನಾನು ಕಂಡಿಲ್ಲ.

ನನ್ನ ಮದುವೆಯಾಗಿ ಕೆಲವು ವರ್ಷಕ್ಕೆ ಅಪ್ಪ ತೀರಿಕೊಂಡರು. ಕರ್ಮಾಂತರವೆಲ್ಲ ಮುಗಿದ ಮೇಲಿನ ರವಿವಾರ ಕಾಕಾ ಎಂದಿನ ಗಾಡಿಗೇ ಬಂದರು. ನಾನಿನ್ನೂ ತವರಿನಲ್ಲಿದ್ದೆ. ಪಡಸಾಲೆಯಲ್ಲಿ ತಮ್ಮ ಜಾಗದಲ್ಲಿ ಕೂತರು. ಶೆಗಡಿ ಹಚ್ಚಲೇ ಅಂದೆ, ಬೇಡವೆಂದು ಕೈ ಮಾಡಿದರು. ಆರಿದ ಶೆಗಡಿಯನ್ನು ನೋಡುತ್ತ, "ಸುಶೀ, ಅವ್ವನ ವಾಟಗದಾಗಿಂದು ನೀ ಕುಡೀತಿದ್ದಿ. ಒಮ್ಮೆರೆ ಖರೇನ ಹದ ಬಂದಿತ್ತೇನು?" ಎಂದು ಕೇಳಿದರು.

ಮುಚ್ಚಿಡಲಿಕ್ಕೆ ಇನ್ನು ಕಾರಣವಿರಲಿಲ್ಲ. "ಬಂದಿತ್ತರಿ ಕಾಕಾ. ಭಾಳ ಸಲ ಬಂದಿತ್ತು," ಅಂದೆ.

ಕಾಕಾ ತಲೆ ಆಡಿಸಿದರು. "ಗೊತ್ತಿತ್ತವಾ," ಅಂದರು. "ಅಣ್ಣಗೂ ಗೊತ್ತಿತ್ತು."

ಆಮೇಲೆ ಟೊಪ್ಪಿಗೆ ಹಾಕಿಕೊಂಡು ಸ್ಟೇಶನ್ನಿನ ಕಡೆ ಹೊರಟರು. ಮುಂದಿನ ರವಿವಾರ ಅವರು ಬರಲಿಲ್ಲ.