ಹೆಸರು ಹೇಳಿ ಕಿತ್ತ ಸೊಪ್ಪು

ಮದ್ದಿನ ಸೊಪ್ಪು ಕೀಳುವಾಗ ರೋಗಿಯ ಹೆಸರು ಹೇಳಬೇಕು, ಇಲ್ಲದಿದ್ದರೆ ಅದು ಬರೀ ಸೊಪ್ಪು ಎನ್ನುತ್ತಿದ್ದರು ನಮ್ಮತ್ತೆ. ನಾನು ಓದಿದ್ದು ಮೂರನೇ ಕ್ಲಾಸು. ಆದರೂ ಇದನ್ನು ನಂಬಿದವಳಲ್ಲ. ಗಿಡಕ್ಕೇನು ಕಿವಿ ಇದೆಯೇ?

ನನ್ನ ಗಂಡನಿಗೆ ಸಕ್ಕರೆ ಕಾಯಿಲೆ ಇತ್ತು. ಮಾತ್ರೆ ಬಿಸಾಕಿ, ನಾನು ಬೇಲಿಯಿಂದ ಕಿತ್ತು ಅರೆದುಕೊಡುತ್ತಿದ್ದ ಮಧುನಾಶಿನಿ ಸೊಪ್ಪನ್ನೇ ನಂಬಿದರು. ಕಾಲು ಕೊಳೆಯಿತು, ಆಸ್ಪತ್ರೆಯಲ್ಲಿ ಕತ್ತರಿಸಿದರು, ಆದರೂ ಅವರು ಉಳಿಯಲಿಲ್ಲ. ಕೊಂದದ್ದು ನನ್ನ ಸೊಪ್ಪೇ ಎಂದು ಊರು ಆಡಿಕೊಂಡಿತು. ನಾನೂ ಹಾಗೇ ಅಂದುಕೊಂಡಿದ್ದೆ.

ಮೊಮ್ಮಗಳು ಸುಧಾ ರಾಮನಗರದಲ್ಲಿ ಔಷಧಿ ಓದುತ್ತಾಳೆ. ಇಲಿಗಳಿಗೆ ಸಕ್ಕರೆ ಕಾಯಿಲೆ ಬರಿಸಿ, ಅದೇ ಸೊಪ್ಪಿನ ರಸ ಕುಡಿಸಿ ನೋಡುವುದು ಅವಳ ಕೆಲಸ. ನಿಜ ಏನೆಂದು ಗೊತ್ತಾಗಿಬಿಡಲಿ ಎಂದು ನಮ್ಮ ಬೇಲಿಯದನ್ನೇ ಕಿತ್ತುಕೊಟ್ಟೆ.

ತಿಂಗಳ ಮೇಲೆ ಬಂದಳು. “ಏನೂ ಇಳೀಲಿಲ್ಲ ಕಣಜ್ಜಿ. ಇನ್ನೊಂದ್ಸಲ ನೋಡ್ಬೇಕು, ಒಸಿ ಕಿತ್ಕೊಡು.”

“ಹೆಸ್ರು ಹೇಳಿ ಕೀಳ್ಬೇಕಂತೆ. ನಿನ್ನಿಲಿಗೆ ಏನವ್ವಾ ಹೆಸ್ರು?”

“ತಾತುಂದೇ ಹೇಳು” ಎಂದು ನಕ್ಕಳು.

ಗಂಡನ ಹೆಸರನ್ನು ನಾನು ಒಮ್ಮೆಯೂ ಬಾಯಿಬಿಟ್ಟು ಹೇಳಿದವಳಲ್ಲ. ಅವತ್ತು ಆ ಸೊಪ್ಪಿನ ಮೇಲಿನ ಸಿಟ್ಟಿಗೆ ಬೇಲಿ ಮುಂದೆ ನಿಂತು ಗಟ್ಟಿಯಾಗಿ ಹೇಳಿಯೇ ಕಿತ್ತೆ.

ಈ ಸಲ ಸಕ್ಕರೆ ಇಳಿಯಿತು. ಕುಡಿದ ಎಲ್ಲ ಇಲಿಗಳಿಗೂ. ಅದೇ ಬಳ್ಳಿ, ಅದೇ ಅಳತೆ.

ಆ ಇಲಿಗಳನ್ನು ನೋಡಬೇಕೆಂದು ಅವಳ ಕಾಲೇಜಿಗೆ ಹೋದೆ. ಮಟಮಟ ಮಧ್ಯಾಹ್ನ. ಬಿಳಿ ಇಲಿಗಳು ಹೊಟ್ಟಿನ ಮೇಲೆ ಮುದುರಿ ಮಲಗಿದ್ದವು, ಹಗಲೆಲ್ಲ ನಿದ್ದೆಯಂತೆ. ಸುಧಾ ಆಚೆ ಹೋದಾಗ ಮೆಲ್ಲಗೆ ಆ ಹೆಸರು ಹೇಳಿದೆ. ಅಷ್ಟೂ ಎದ್ದವು. ಕಂಬಿ ಹಿಡಿದು ನಿಂತು ನನ್ನನ್ನೇ ನೋಡಿದವು. ಪಕ್ಕದ ಗೂಡಿನಲ್ಲಿ ಸೊಪ್ಪು ಕುಡಿಯದವು ಮಲಗೇ ಇದ್ದವು.

ಸುಧಾ ಬಂದ ಮೇಲೆ ಕೇಳಿದೆ, “ಮುಂದೆ ಇವುನ್ನ ಏನ್ ಮಾಡ್ತೀಯವ್ವಾ?”

“ನಾಳೆ ಕುಯ್ತೀವಿ. ಒಳಗೇನಾಗೈತೆ ಅಂತ ನೋಡ್ಬೇಕಲ್ಲ.”

“ವಾಸಿ ಆಗಿದ್ರೂವಾ?”

“ವಾಸಿ ಆಗಿದ್ರೂ ಕಣಜ್ಜಿ.”

ಒಳ್ಳೇ ವೈದ್ಯ ಎಂದುಕೊಂಡು ಬಸ್ಸು ಹತ್ತಿದೆ.

ಮೊದಲ ಸಲದ ಸೊಪ್ಪು ಬಲಿತಿತ್ತೇನೋ ಎನ್ನುತ್ತಾಳೆ ಸುಧಾ. ಇರಬಹುದು. ಇಲಿಗಳು ಯಾಕೆ ಎದ್ದವು ಎಂದರೆ ಅವಳಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ನಮ್ಮ ಯಜಮಾನರಿಗಾಗಿ ಏಳು ವರ್ಷ, ದಿನಾ ಬೆಳಗ್ಗೆ, ಅದೇ ಬೇಲಿ ಮುಂದೆ ಬಾಯಿ ಮುಚ್ಚಿಕೊಂಡು ಸೊಪ್ಪು ಕಿತ್ತೆ ಎಂಬುದಷ್ಟೇ ಗೊತ್ತು. ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆ ಎಂದು ಹೇಳಿಕೊಟ್ಟವರೂ ನಮ್ಮತ್ತೆಯೇ. ಅದನ್ನು ಮಾತ್ರ ನಂಬಿದ್ದೆ.